ಗೇಲನು ಸಾಯಲೇಬೇಕೆ?

ಕಳೆದ ದಸರೆಯ ರಜೆಯಲ್ಲಿ ಮಗಳ ಮಗನು ಬೆಂಗಳೂರಿನಿಂದ ಬಂದು ಒಂದು ವಾರ ನಮ್ಮಲ್ಲಿದ್ದನು. ಇಂಜಿನಿಯರಿಂಗ್ ಮೂರನೆಯ ವರ್ಷದ ಹುಡುಗ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಲ್ಯಾಪ್‌ಟಾಪು. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನೀರು ಕುಡಿಯಲೆಂದು ನಾನು ಎದ್ದಾಗ, ‘ತಾತ, ಒಂದ್ನಿಮಿಷ ಬಾ. ಇವನು ನಾನು ಸಾಯ್ತೀನಿ ಅಂತಿದಾನೆ. ಆಗಲಿ ಅನ್ನಲೋ, ಬೇಡ ಅನ್ನಲೋ?’ ಎಂದು ಕೇಳಿದನು. ಗಾಬರಿಯಿಂದ ಹೋಗಿ ನೋಡಿದರೆ, ಪರದೆಯ ಮೇಲೆ ಗಡ್ಡ ಬಿಟ್ಟ ಸುಂದರ ಪುರುಷನೊಬ್ಬನು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದನು. ಕೆಳಗೆ ಮೂರು ನಾಲ್ಕು ಉತ್ತರಗಳು ಅಚ್ಚಾಗಿದ್ದವು. ಅವುಗಳಲ್ಲಿ ಒಂದನ್ನು ಆರಿಸಬೇಕು. ಆರಿಸಿದಂತೆ ಆ ಮನುಷ್ಯನು ಬದುಕುತ್ತಾನೆ, ಇಲ್ಲವೇ ಸಾಯುತ್ತಾನೆ.

ನಲವತ್ತು ವರ್ಷಗಳ ಹಿಂದಾಗಿದ್ದರೆ ‘ಓದುವುದು ಬಿಟ್ಟು ಇದೆಂಥ ಹುಚ್ಚಾಟ’ ಎಂದು ಗದರಿಸಿ ಮಲಗುತ್ತಿದ್ದೆನೋ ಏನೋ. ಆ ರಾತ್ರಿ ಹಾಗೆ ಮಾಡಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತೆ. ಎರಡು ಗಂಟೆಯವರೆಗೆ ಕಥೆ ಕೇಳಿದೆ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೆಳಗಿನ ವಾಯುವಿಹಾರದ ಗೆಳೆಯರಲ್ಲಿ ಇದನ್ನೆತ್ತಿದಾಗ ಒಂದು ದೊಡ್ಡ ಜಗಳವೇ ಆಯಿತು. ಆ ಜಗಳದಲ್ಲಿ ನಾನು ಆಡಬೇಕಾಗಿದ್ದ ಮಾತುಗಳು ಎಂದಿನಂತೆ ಮನೆಗೆ ಬಂದ ಮೇಲೆ ಹೊಳೆದುವಾದ್ದರಿಂದ ಅವುಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಆಟದ ಪರಿಚಯ. ಹೆಸರು ‘ಬಾಲ್ಡರ್ಸ್ ಗೇಟ್ 3’. ಬೆಲ್ಜಿಯಂ ದೇಶದ ಲಾರಿಯನ್ ಸ್ಟುಡಿಯೋಸ್ ಎಂಬ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ಹೊರತಂದದ್ದು. ಇದರ ಮೂಲ ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ದಾಳ ಹಾಕುತ್ತ ಕಥೆ ಕಟ್ಟುವ ಆಟ. ಆಡುವವನು ಒಂದು ಪಾತ್ರವಾಗಿ ಆ ಲೋಕದೊಳಗೆ ನಡೆಯಬೇಕು. ಜೊತೆಗೆ ಸಂಗಡಿಗರಿರುತ್ತಾರೆ. ಅವರಿಗೆ ತಮ್ಮದೇ ಆದ ಸ್ವಭಾವ, ಸಿಟ್ಟು, ಪ್ರೀತಿ, ಹಿಂದಿನ ಕಥೆ ಎಲ್ಲವೂ ಉಂಟು. ಸಂಜೆಯಾದರೆ ಬಿಡಾರ ಹೂಡಿ ಬೆಂಕಿಯ ಸುತ್ತ ಕುಳಿತು ಮಾತಾಡುತ್ತಾರೆ. ಹತ್ತಾರು ಗಂಟೆ ಹೀಗೆ ಜೊತೆಯಲ್ಲಿ ನಡೆದ ಮೇಲೆ ‘ಇವೆಲ್ಲ ಬೊಂಬೆಗಳು’ ಎನ್ನುವುದು ಕಷ್ಟ. ಕಾದಂಬರಿಯ ಪಾತ್ರ ಸತ್ತಾಗ ಅತ್ತವರು ಈ ಮಾತನ್ನು ಒಪ್ಪುತ್ತಾರೆಂದು ನಂಬಿದ್ದೇನೆ.

ನಾನು ನೋಡಿದ ಆ ಪುರುಷನ ಹೆಸರು ಗೇಲ್. ವಾಟರ್‌ಡೀಪ್ ಎಂಬ ನಗರದ ಮಾಂತ್ರಿಕ. ಬಾಲ್ಯದಿಂದಲೇ ಅಸಾಧಾರಣ ಪ್ರತಿಭಾವಂತ. ಮಂತ್ರವಿದ್ಯೆಯ ಅಧಿದೇವತೆಯಾದ ಮಿಸ್ಟ್ರಾ ಅವನಿಗೆ ಮೊದಲು ಗುರುವಾಗಿ, ಬಳಿಕ ಸ್ಫೂರ್ತಿಯಾಗಿ, ಕೊನೆಗೆ ಪ್ರೇಯಸಿಯಾದಳು. ಮನುಷ್ಯನಿಗೆ ಇರುವ ಮಿತಿಯನ್ನು ದಾಟಿ ಅವಳಿಗೆ ಸಮನಾಗಬೇಕೆಂಬ ಆಸೆ ಇವನದು. ಅವಳನ್ನು ಮೆಚ್ಚಿಸಲೆಂದು, ಪುರಾತನ ಸಾಮ್ರಾಜ್ಯವೊಂದರ ಕಳೆದುಹೋದ ಮಂತ್ರಶಕ್ತಿಯ ತುಣುಕನ್ನು ಮರಳಿ ತಂದೊಪ್ಪಿಸಲು ಹೋದನು. ಅದು ಇವನ ಎದೆಯೊಳಗೆ ಸೇರಿ ಕುಳಿತಿತು. ದೇವಿಯು ಕೈಬಿಟ್ಟಳು. ಎದೆಯಲ್ಲಿರುವ ಆ ಗೋಳವು ಸಿಡಿದರೆ ಒಂದು ಮಹಾನಗರವೇ ನೆಲಸಮವಾದೀತು. ಅದಕ್ಕೆ ಹೆದರಿ, ಟಾರಾ ಎಂಬ ರೆಕ್ಕೆಯುಳ್ಳ ಬೆಕ್ಕೊಂದರ ಹೊರತು ಬೇರಾರ ಸಂಗವೂ ಇಲ್ಲದೆ ತನ್ನ ಗೋಪುರದಲ್ಲಿ ಒಂದು ವರ್ಷ ಏಕಾಂತವಾಸ ಮಾಡಿದವನು ಇವನು.

ಕಥೆ ಮುಂದುವರಿದಂತೆ ಲೋಕಕ್ಕೆ ದೊಡ್ಡ ಕಂಟಕವೊಂದು ಎದುರಾಗುತ್ತದೆ. ‘ಅಬ್ಸಲ್ಯೂಟ್’ ಎಂಬ ಹೆಸರಿನಲ್ಲಿ ಜನರ ಮನಸ್ಸನ್ನು ವಶಮಾಡಿಕೊಳ್ಳುತ್ತಿರುವ ಶಕ್ತಿಯದು. ಅದರ ಹಿಂದಿರುವುದು ಒಂದು ದೈತ್ಯ ಮೆದುಳು. ಆಗ ಎಲ್ಮಿನ್‌ಸ್ಟರ್ ಎಂಬ ಹಿರಿಯ ಮಾಂತ್ರಿಕನು ದೇವಿಯ ಸಂದೇಶ ಹೊತ್ತು ಬರುತ್ತಾನೆ. ಶತ್ರುವಿನ ಹೃದಯಸ್ಥಾನಕ್ಕೆ ಹೋಗಿ ನಿನ್ನ ಎದೆಯ ಗೋಳವನ್ನು ಸಿಡಿಸು, ಹಾಗೆ ಮಾಡಿದರೆ ನಿನಗೆ ಕ್ಷಮೆಯುಂಟು ಎಂಬುದು ಅದರ ತಾತ್ಪರ್ಯ. ಇವನು ಸುಮ್ಮನಾಗುತ್ತಾನೆ, ಯೋಚಿಸುತ್ತಾನೆ, ಕೊನೆಗೆ ಒಪ್ಪುವ ಹಾದಿಗೆ ಬರುತ್ತಾನೆ. ಎರಡನೆಯ ಅಂಕದ ಕೊನೆಯಲ್ಲಿ, ನೆಲದಾಳದ ಗುಹೆಯಲ್ಲಿ ಆ ಮೆದುಳನ್ನು ಕಣ್ಣಾರೆ ಕಂಡಾಗ, ‘ಈಗ ಮಾಡಿಬಿಡಲೇ?’ ಎಂದು ನಮ್ಮ ಕಡೆ ತಿರುಗುತ್ತಾನೆ. ನನ್ನ ಮೊಮ್ಮಗನು ನನ್ನನ್ನು ಕರೆದದ್ದು ಆ ಕ್ಷಣದಲ್ಲಿ.

ಇನ್ನು ಜಗಳದ ವಿಷಯ. ನನ್ನ ಎದುರಾಳಿಯು ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ವಾದವು ಅವರಂತೆಯೇ ನೇರ. ‘ಮೇಷ್ಟ್ರೇ, ಇದರಲ್ಲಿ ಯೋಚಿಸುವುದಕ್ಕೇನಿದೆ? ತಕ್ಕಡಿಯ ಒಂದು ಕಡೆ ಒಬ್ಬ, ಇನ್ನೊಂದು ಕಡೆ ಲಕ್ಷಾಂತರ ಜನ. ಅವನೇ ಸಾಯಲು ಸಿದ್ಧನಿದ್ದಾನೆ. ತಪ್ಪು ಮಾಡಿದವನೂ ಅವನೇ. ಮೂರೂ ಕೂಡಿಸಿ ನೋಡಿ. ಸಾಯಲಿ ಎನ್ನದೆ ವಿಧಿಯಿಲ್ಲ.’ ನಾನು ತಡೆದು ನಿಂತಾಗ ಅವರು ಭಾರತವನ್ನೇ ತೆಗೆದರು. ಅರ್ಜುನನಿಗಾಗಿ ಕರ್ಣನು ಕಾದಿರಿಸಿದ್ದ ಶಕ್ತ್ಯಾಯುಧವು ಘಟೋತ್ಕಚನ ಮೇಲೆ ಖರ್ಚಾದಾಗ ಸಾಕ್ಷಾತ್ ಶ್ರೀಕೃಷ್ಣನೇ ಹರ್ಷಪಡಲಿಲ್ಲವೇ ಎಂದರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವನ್ನು ನೆನಪಿಸಿದರು. ಎರಡನೆಯ ವೀರಬಲ್ಲಾಳನಿಗಾಗಿ ಪ್ರಾಣಾರ್ಪಣೆ ಮಾಡಿದ ಗರುಡನಾದ ಕುವರಲಕ್ಷ್ಮನ ಶಾಸನಸ್ತಂಭವದು. ‘ನಮ್ಮ ನಾಡು ತ್ಯಾಗಿಗಳಿಗೆ ಕಲ್ಲು ನೆಟ್ಟ ನಾಡು. ನೀವು ಹುಡುಗನಿಗೆ ಹೇಡಿತನ ಕಲಿಸುತ್ತಿದ್ದೀರಿ’ ಎಂಬುದು ಅವರ ಕೊನೆಯ ಬಾಣ.

ವಾದವು ದುರ್ಬಲವಾದುದೆಂದು ನಾನು ಹೇಳಲಾರೆ. ಲಕ್ಷಾಂತರ ಜನರ ಪ್ರಾಣವೆಂಬುದು ಸಣ್ಣ ಮಾತಲ್ಲ. ಆದರೆ ಈ ಲೆಕ್ಕವನ್ನು ಒಂದೊಂದೇ ಸಾಲಾಗಿ ಪರೀಕ್ಷಿಸೋಣ. ಹಲಗೆಯ ಮೇಲೆ ಉತ್ತರ ಮಾತ್ರ ಬರೆದ ವಿದ್ಯಾರ್ಥಿಗೆ ನನ್ನ ಮಿತ್ರರು ಎಂದೂ ಪೂರ್ಣಾಂಕ ಕೊಟ್ಟವರಲ್ಲ.

ಮೊದಲನೆಯ ಸಾಲು, ಬೇರೆ ದಾರಿಯಿಲ್ಲವೆಂಬುದು. ಹಾಗೆಂದು ನಿಶ್ಚಯಿಸಿದವರು ಯಾರು? ಗುಹೆಯಲ್ಲಿ ನಿಂತವರು ಆ ಮೆದುಳನ್ನು ನೋಡಿದ್ದು ಆ ಗಳಿಗೆಯಲ್ಲಿ. ಅದರ ಬಲವೇನು, ದೌರ್ಬಲ್ಯವೇನು ಎಂದು ವಿಚಾರಿಸಿಯೂ ಇಲ್ಲ. ಕಾದಿಯೂ ಇಲ್ಲ. ಗೋಳವು ಕೈಯಳತೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಏಕೈಕ ಮಾರ್ಗವಾಗಿ ಕಾಣುತ್ತಿದೆ. ಅಲ್ಲಿ ‘ಆಗಲಿ’ ಎಂದವರಿಗೆ ಏನಾಗುತ್ತದೆಂದು ಮೊಮ್ಮಗನನ್ನು ಕೇಳಿದೆ. ಗೇಲ್ ಸಿಡಿಯುತ್ತಾನೆ, ಶತ್ರು ನಾಶವಾಗುತ್ತದೆ, ಜೊತೆಗೆ ನಿಂತವರೂ ಸಾಯುತ್ತಾರೆ, ಅಲ್ಲಿಗೆ ಆಟ ಮುಗಿಯಿತು ಎಂದನು. ಮೂರನೆಯ ಅಂಕವನ್ನು ಅವರು ನೋಡುವಂತೆಯೇ ಇಲ್ಲ. ಬೇಡವೆಂದವರಿಗೆ ಮುಂದೆ ಇಡೀ ನಗರವೊಂದು ತೆರೆದುಕೊಳ್ಳುತ್ತದೆ. ಹೊಸ ನೆರವು, ಹೊಸ ಉಪಾಯಗಳು ಸಿಗುತ್ತವೆ. ಗೇಲನನ್ನು ಕಳೆದುಕೊಳ್ಳದೆಯೇ ಶತ್ರುವನ್ನು ಗೆಲ್ಲುವುದು ಸಾಧ್ಯವಾಗುತ್ತದೆ. ‘ಅದು ಮುಂದೆ ತಿಳಿದ ವಿಷಯ, ಆ ಹೊತ್ತಿನಲ್ಲಿ ತಿಳಿದಿರಲಿಲ್ಲ’ ಎಂದು ಮಿತ್ರರು ಆಕ್ಷೇಪಿಸುತ್ತಾರೆ. ನಿಜ. ತಿಳಿದಿರಲಿಲ್ಲವೆಂಬುದೇ ನನ್ನ ವಾದ. ತಿಳಿಯದ ಸಂಖ್ಯೆಯನ್ನು ಸೊನ್ನೆಯೆಂದು ಭಾವಿಸಿ ಮನುಷ್ಯನೊಬ್ಬನ ಪ್ರಾಣವನ್ನು ಕಳೆಯುವ ಲೆಕ್ಕ ಯಾವ ಗಣಿತದ್ದು?

ಎರಡನೆಯ ಸಾಲು, ತಪ್ಪು ಅವನದೇ ಎಂಬುದು. ಒಪ್ಪಿದೆ. ಮಹತ್ವಾಕಾಂಕ್ಷೆಯಿಂದ ತಪ್ಪು ಮಾಡಿದನು. ಆದರೆ ಆ ತಪ್ಪಿಗೆ ದಂಡ ವಿಧಿಸಿದವಳು ಯಾರು? ಅವನ ಗುರುವೂ ಆಗಿದ್ದು, ಪ್ರೇಯಸಿಯೂ ಆಗಿದ್ದು, ಅಪರಾಧಕ್ಕೆ ಗುರಿಯಾದವಳೂ ತಾನೇ ಆದ ದೇವತೆ. ಫಿರ್ಯಾದಿಯೇ ನ್ಯಾಯಾಧೀಶನ ಪೀಠದಲ್ಲಿ ಕುಳಿತರೆ ಅದನ್ನು ನ್ಯಾಯವೆನ್ನುತ್ತೇವೆಯೇ? ಇದಕ್ಕಿಂತಲೂ ಘೋರವಾದ ಸಂಗತಿ ಮೂರನೆಯ ಅಂಕದಲ್ಲಿ ಬಯಲಾಗುತ್ತದೆ. ಅಲ್ಲಿ ದೇವಾಲಯವೊಂದರಲ್ಲಿ ಮಿಸ್ಟ್ರಾ ಅವನೊಡನೆ ಮಾತಾಡುತ್ತಾಳೆ. ಶತ್ರುವಿನ ತಲೆಯ ಮೇಲಿರುವ ಕಿರೀಟವನ್ನು ತನಗೆ ತಂದೊಪ್ಪಿಸಿದರೆ ಅವನ ಎದೆಯ ರೋಗವನ್ನು ಗುಣಪಡಿಸುವುದಾಗಿ ಹೇಳುತ್ತಾಳೆ. ಅಂದರೆ ಗುಣಪಡಿಸುವ ಶಕ್ತಿ ಅವಳಲ್ಲಿತ್ತು! ಸಾಯಿ ಎಂದು ಹೇಳಿಕಳಿಸಿದವಳೇ ಬದುಕಿಸಬಲ್ಲವಳಾಗಿದ್ದಳು. ಇದನ್ನು ಕೇಳಿದಾಗ ನನಗೆ ಮೈ ಉರಿಯಿತು. ದೇವತೆಯೆಂಬ ಕಾರಣಕ್ಕೆ ಸಿಟ್ಟನ್ನು ತಡೆದುಕೊಳ್ಳಬಹುದು. ಗುರುವೆಂಬ ಕಾರಣಕ್ಕೆ ತಡೆದುಕೊಳ್ಳಲು ಸಾಧ್ಯವಿಲ್ಲ. ಶಿಷ್ಯನ ತಪ್ಪನ್ನು ತಿದ್ದಬಲ್ಲವಳು ತಿದ್ದದೆ, ಅವನ ಸಾವನ್ನು ಪ್ರಾಯಶ್ಚಿತ್ತವಾಗಿ ಕೇಳುವುದು ಗುರುಧರ್ಮವಲ್ಲ.

ಮೂರನೆಯ ಸಾಲು, ಅವನೇ ಸಿದ್ಧನಿದ್ದಾನೆ ಎಂಬುದು. ಮಿತ್ರರ ವಾದಕ್ಕೆ ಬಲ ಬಂದಿರುವುದೇ ಇದರಿಂದ. ಇಂದಿನ ತರುಣರೂ ಇದನ್ನೇ ಹೇಳುತ್ತಾರೆ. ಅವನ ಬದುಕು ಅವನದು, ಅವನ ನಿರ್ಧಾರವನ್ನು ಗೌರವಿಸಬೇಕು ಎನ್ನುತ್ತಾರೆ. ಕೇಳಲು ಉದಾರವಾದ ಮಾತು. ಆದರೆ ವರ್ಷಗಟ್ಟಲೆ ತಾನು ಅಯೋಗ್ಯನೆಂದು ನಂಬಿ, ತನ್ನ ಸಾವೊಂದೇ ತನ್ನ ಉಪಯೋಗವೆಂದು ಪೂಜ್ಯರಿಂದಲೇ ಹೇಳಿಸಿಕೊಂಡವನ ಒಪ್ಪಿಗೆಯು ಒಪ್ಪಿಗೆಯೇ? ಗೇಲನು ತೀರ್ಮಾನಿಸಿಯೇ ಬಂದಿದ್ದರೆ ನಮ್ಮ ಮುಖ ನೋಡಿ ಕೇಳುತ್ತಿರಲಿಲ್ಲ. ಕೇಳುತ್ತಿದ್ದಾನೆಂದರೆ, ಬೇಡವೆನ್ನುವ ಒಬ್ಬನನ್ನಾದರೂ ಹುಡುಕುತ್ತಿದ್ದಾನೆಂದೇ ಅರ್ಥ. ಅಂಥವನಿಗೆ ‘ನಿನ್ನಿಷ್ಟ’ ಎನ್ನುವುದು ಗೌರವವಲ್ಲ, ಕೈತೊಳೆದುಕೊಳ್ಳುವುದು.

ಕನ್ನಡದಲ್ಲಿ ನಮಗೆ ಎರಡು ಪದಗಳಿವೆ, ತ್ಯಾಗ ಮತ್ತು ಬಲಿ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದವನ್ನು ಬಳಸುತ್ತಾರೆ. ತ್ಯಾಗವನ್ನು ಮಾಡುತ್ತಾರೆ, ಬಲಿಯನ್ನು ಕೊಡುತ್ತಾರೆ. ತ್ಯಾಗದಲ್ಲಿ ಕರ್ತೃವೂ ಕಳೆದುಕೊಳ್ಳುವವನೂ ಒಬ್ಬನೇ. ಬಲಿಯಲ್ಲಿ ಕೊಡುವವನೊಬ್ಬ, ಸಾಯುವವನು ಇನ್ನೊಬ್ಬ. ಕುರಿಯ ತಲೆಯ ಮೇಲೆ ನೀರು ಚಿಮುಕಿಸಿ ಅದು ಮೈ ಕೊಡವಿದೊಡನೆ ‘ಒಪ್ಪಿಗೆ ಕೊಟ್ಟಿತು’ ಎನ್ನುವ ಪದ್ಧತಿಯನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಬಲ್ಲರು. ನಾವು ಒಪ್ಪಿಗೆಯೆನ್ನುವುದರಲ್ಲಿ ಎಷ್ಟೋ ಈ ಬಗೆಯದು. ಘಟೋತ್ಕಚನ ವಿಷಯಕ್ಕೂ ಇದೇ ಉತ್ತರ. ಕೃಷ್ಣನು ಹರ್ಷಪಟ್ಟದ್ದು ನಿಜ. ಆದರೆ ಪಾಂಡವರು ಅತ್ತರೆಂಬುದನ್ನೂ ಅಲ್ಲಿಯೇ ಹೇಳಿದೆಯಲ್ಲ! ಅತ್ತವರ ಮಾತನ್ನು ಬಿಟ್ಟು ನಕ್ಕವನದನ್ನು ಮಾತ್ರ ಎತ್ತಿಕೊಳ್ಳುವುದು ಭಾರತವನ್ನು ಅರ್ಧ ಓದಿದಂತೆ.

ಹಾಗಾದರೆ ಸಂಗಡಿಗನು ಎಂದಿಗೂ ಪ್ರಾಣ ಕೊಡಕೂಡದೇ? ಹಾಗೆಂದು ನಾನು ಹೇಳುತ್ತಿಲ್ಲ. ಮೊಮ್ಮಗನು ಇನ್ನೊಂದು ಆಟದ ಕಥೆ ಹೇಳಿದನು. 2009ರಲ್ಲಿ ಬಯೋವೇರ್ ಸಂಸ್ಥೆಯಿಂದ ಬಂದ ‘ಡ್ರಾಗನ್ ಏಜ್: ಒರಿಜಿನ್ಸ್’. ಅಲ್ಲಿ ಗ್ರೇ ವಾರ್ಡನ್‌ಗಳೆಂಬ ಯೋಧರ ಪಂಗಡವುಂಟು. ಆರ್ಚ್‌ಡೀಮನ್ ಎಂಬ ಮಹಾಸರ್ಪವನ್ನು ಅವರಲ್ಲೊಬ್ಬರೇ ಕೊಲ್ಲಬೇಕು. ಕೊಂದವನ ದೇಹವನ್ನು ಅದರ ಆತ್ಮವು ಹೊಕ್ಕು, ಇಬ್ಬರೂ ಒಟ್ಟಿಗೆ ನಾಶವಾಗುತ್ತಾರೆ. ಕೊನೆಯ ಯುದ್ಧದ ಮುನ್ನಾದಿನ ಈ ರಹಸ್ಯವನ್ನು ರಿಯೊರ್ಡನ್ ಎಂಬ ಹಿರಿಯ ವಾರ್ಡನ್ ಕಿರಿಯರಿಬ್ಬರಿಗೆ ತಿಳಿಸುತ್ತಾನೆ. ತಿಳಿಸಿ, ‘ನಿಮ್ಮಲ್ಲಿ ಯಾರು?’ ಎಂದು ಕೇಳುವುದಿಲ್ಲ. ಹಿರಿಯನು ನಾನು, ಆದ್ದರಿಂದ ಆ ಕೊನೆಯ ಹೊಡೆತ ಸಾಧ್ಯವಾದರೆ ನನ್ನದೇ ಆಗಿರಲಿ ಎನ್ನುತ್ತಾನೆ. ಯುದ್ಧದಲ್ಲಿ ಸರ್ಪದ ರೆಕ್ಕೆಯನ್ನು ಸೀಳಿ ಆಕಾಶದಿಂದ ಬಿದ್ದು ಸಾಯುತ್ತಾನೆ. ಆ ಬಳಿಕವಷ್ಟೇ ಪ್ರಶ್ನೆಯು ಆಡುವವನ ಹಾಗೂ ಅವನ ಸಂಗಡಿಗನಾದ ಅಲಿಸ್ಟರನ ಮುಂದೆ ಬರುತ್ತದೆ. ಅಲ್ಲಿಯೂ ಇಬ್ಬರೂ ಸಮಾನರು. ಯಾರು ಹೊಡೆದರೂ ಸಾವು ಒಂದೇ. ‘ನೀನು ಹೋಗು’ ಎನ್ನುವವನಿಗೆ ‘ನಾನೇ ಹೋಗುತ್ತೇನೆ’ ಎನ್ನುವ ದಾರಿಯೂ ತೆರೆದಿದೆ.

ಎಲ್ಲರೂ ಬದುಕುವ ಮೂರನೆಯ ಉಪಾಯವೊಂದನ್ನು ಮಾರಿಗನ್ ಎಂಬ ಮಾಟಗಾತಿಯು ಅಲ್ಲಿ ಸೂಚಿಸುತ್ತಾಳೆ. ಆ ಆತ್ಮವು ಇನ್ನೂ ಹುಟ್ಟದ ಶಿಶುವೊಂದನ್ನು ಸೇರುವಂತೆ ಮಾಡುವ ವಿಧಿಯದು. ಜಾಣತನದ ಉಪಾಯವೆನಿಸಬಹುದು. ಆದರೆ ಅದರಲ್ಲಿ ಯಾರನ್ನೂ ಕೇಳದೆ ಹೊರೆ ಹೊರಿಸಿದ್ದು ಮಾತೇ ಬಾರದ ಕೂಸಿನ ಮೇಲೆ. ಬದುಕಬೇಕೆಂಬ ಆಸೆಯೂ ಒಮ್ಮೊಮ್ಮೆ ಬಲಿ ಕೇಳುತ್ತದೆ ಎಂಬುದನ್ನು ನನ್ನ ಪಕ್ಷದವರು ಮರೆಯಕೂಡದು.

ಇದಕ್ಕೆ ತದ್ವಿರುದ್ಧವಾದ ಮೂರ್ಖತನವೂ ಉಂಟು. 2008ರಲ್ಲಿ ಬಂದ ‘ಫಾಲ್‌ಔಟ್ 3’ ಎಂಬ ಆಟದಲ್ಲಿ, ವಿಕಿರಣ ತುಂಬಿದ ಕೋಣೆಯೊಳಗೆ ಯಾರಾದರೊಬ್ಬರು ಹೋಗಿ ಯಂತ್ರವನ್ನು ಚಾಲೂ ಮಾಡಬೇಕು. ಸಂಗಡಿಗರಲ್ಲಿ ಫಾಕ್ಸ್ ಎಂಬುವನಿಗೆ ವಿಕಿರಣದಿಂದ ಅಪಾಯವೇ ಇಲ್ಲ. ಆದರೂ ಅವನು, ಇದು ನಿನ್ನ ವಿಧಿ, ನಾನು ಅಡ್ಡ ಬರಲಾರೆ ಎಂದು ನಿರಾಕರಿಸುತ್ತಾನೆ. ಆಡಿದವರೆಲ್ಲ ರೇಗಿದರು. ಮರುವರ್ಷ ಬಂದ ಅನುಬಂಧದಲ್ಲಿ ಅವನನ್ನು ಕಳಿಸಲು ಅವಕಾಶವಾಯಿತು. ಆಗಲೂ ಕೊನೆಯ ನಿರೂಪಣೆಯಲ್ಲಿ, ತಾನೇ ಸಾಯದೆ ಸಂಗಡಿಗನನ್ನು ಕಳಿಸಿದವನಿಗೆ ಒಂದು ಚುಚ್ಚುಮಾತು ಉಳಿದೇ ಇತ್ತು. ಸಾಯದವನನ್ನು ಕಳಿಸಿ ಎಲ್ಲರೂ ಬದುಕಿದರೆ ಅದು ವಿವೇಕ. ಅದನ್ನು ಹೇಡಿತನವೆನ್ನುವವರು ಸಾವನ್ನೇ ಪೂಜಿಸುತ್ತಿದ್ದಾರೆ.

ಆದುದರಿಂದ ಸಂಗಡಿಗನ ಪ್ರಾಣದ ಪ್ರಶ್ನೆ ಬಂದಾಗ ಕೇಳಬೇಕಾದವು ಮೂರು. ಉಳಿದ ದಾರಿಗಳನ್ನೆಲ್ಲ ನಿಜವಾಗಿ ನಡೆದು ನೋಡಿದ್ದೇವೆಯೇ? ಹೋಗು ಎನ್ನುವವನು ತಾನು ಆ ಜಾಗದಲ್ಲಿ ನಿಲ್ಲಲು ಸಿದ್ಧನಿದ್ದಾನೆಯೇ? ಹೋಗುವವನು ಬೇಡವೆಂದರೆ, ಯಾರ ತಿರಸ್ಕಾರಕ್ಕೂ ಗುರಿಯಾಗದೆ ಬದುಕುವಂತಿದೆಯೇ? ರಿಯೊರ್ಡನ್ ಈ ಮೂರನ್ನೂ ದಾಟುತ್ತಾನೆ. ಮಿಸ್ಟ್ರಾ ಒಂದನ್ನೂ ದಾಟುವುದಿಲ್ಲ. ಗೇಲನ ಕಥೆಯ ಕೊನೆಯ ಯುದ್ಧದಲ್ಲಿಯೂ ಅವನು ಮತ್ತೊಮ್ಮೆ ತನ್ನನ್ನು ಅರ್ಪಿಸಲು ಮುಂದೆ ಬರುತ್ತಾನಂತೆ. ಅಲ್ಲಿ ಅವನೊಬ್ಬನೇ ಸಾಯುತ್ತಾನೆ, ಉಳಿದವರು ಬದುಕುತ್ತಾರೆ, ಆಟವೂ ಬೇಗ ಮುಗಿಯುತ್ತದೆ. ನಮಗೆ ಅಷ್ಟು ಅಗ್ಗವಾಗಿ ಸಿಕ್ಕುವ ತ್ಯಾಗವನ್ನು ಹೆಚ್ಚು ಅನುಮಾನದಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ಆಟದ ಮಾತಿಗೆ ಈ ಮುದುಕನು ಇಷ್ಟು ಕಾವೇರುವುದೇಕೆಂದು ಓದುಗರಿಗೆ ಅನಿಸಬಹುದು. ಕಾರಣವನ್ನು ಹೇಳಿಬಿಡುತ್ತೇನೆ. ಮಿತ್ರರಿಗೆ ಇದುವರೆಗೆ ಹೇಳಿಲ್ಲ.

1986ರಲ್ಲಿ ಹೋಬಳಿ ಕೇಂದ್ರವೊಂದರ ಪ್ರೌಢಶಾಲೆಯಲ್ಲಿದ್ದೆ. ಅಣ್ಣತಮ್ಮಂದಿರಿಬ್ಬರು ನನ್ನ ವಿದ್ಯಾರ್ಥಿಗಳು. ಅಣ್ಣನು ಹತ್ತನೆಯ ತರಗತಿ, ತಮ್ಮನು ಎಂಟನೆಯದು. ಆ ವರ್ಷ ಅವರ ತಂದೆ ತೀರಿಕೊಂಡರು. ಡಿಸೆಂಬರ್ ತಿಂಗಳ ಒಂದು ಸಂಜೆ ಅಣ್ಣನು ಬಂದು, ‘ನಾನು ಸ್ಕೂಲು ಬಿಡ್ತೀನಿ ಸಾರ್. ಹೊಲ ನೋಡಿಕೊಳ್ಳೋರಿಲ್ಲ. ತಮ್ಮ ಓದಲಿ’ ಎಂದನು. ನನ್ನ ಕಣ್ಣು ತುಂಬಿ ಬಂತು. ಬೆನ್ನು ತಟ್ಟಿದೆ. ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಅವನನ್ನು ಮುಂದೆ ನಿಲ್ಲಿಸಿ ಹತ್ತು ನಿಮಿಷ ಭಾಷಣ ಮಾಡಿದೆ. ಹಿಂದಿನ ವರ್ಷವಷ್ಟೇ ಪ್ರವಾಸದಲ್ಲಿ ತೋರಿಸಿದ್ದ ಆ ಹಳೇಬೀಡಿನ ಕಂಬವನ್ನೇ ನೆನೆದು, ಇವನೂ ಅಂಥ ತ್ಯಾಗಿಯೆಂದು ಹೊಗಳಿದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಅವನಿಗೆ ಬೇಡವೆನ್ನುವ ದಾರಿ ಎಲ್ಲಿತ್ತು?

ಪರೀಕ್ಷೆಗೆ ಮೂರು ತಿಂಗಳು ಉಳಿದಿತ್ತು. ಆ ಮೂರು ತಿಂಗಳ ಮಟ್ಟಿಗೆ ಹೊಲವನ್ನು ನೋಡಿಕೊಳ್ಳಲು ಅವರ ಊರಿನವರನ್ನು ಕೇಳಬಹುದಾಗಿತ್ತು. ಅವರ ಸೋದರಮಾವನನ್ನು ಕರೆಸಿ ಮಾತಾಡಬಹುದಾಗಿತ್ತು. ನಾವು ಅಧ್ಯಾಪಕರು ಐದೈದು ರೂಪಾಯಿ ಕೂಡಿಸಿ ಆಳಿನ ಕೂಲಿ ಕೊಡಬಹುದಾಗಿತ್ತು. ಒಂದನ್ನೂ ಮಾಡಲಿಲ್ಲ. ಹೊಗಳುವುದು ಸುಲಭವಾಗಿತ್ತು, ಹೊಗಳಿದೆ. ಹುಡುಗನು ಪರೀಕ್ಷೆಗೆ ಕೂರಲೇ ಇಲ್ಲ.

ತಮ್ಮನು ಚೆನ್ನಾಗಿ ಓದಿ ಇಂಜಿನಿಯರ್ ಆದನು. ಮಿತ್ರರ ಲೆಕ್ಕದಲ್ಲಿ ಉತ್ತರ ಸರಿಯಾಗಿದೆ. ಹತ್ತು ವರ್ಷಗಳ ಹಿಂದೆ ಅವನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನಿಂತು ಬಡಿಸುವವರಿಗೆಲ್ಲ ಕೂಗಿ ಹೇಳುತ್ತಿದ್ದವನು ಆ ಅಣ್ಣ. ತಲೆ ನರೆತಿತ್ತು. ನನ್ನನ್ನು ಕಂಡು ಓಡಿ ಬಂದು ಕಾಲಿಗೆರಗಿದನು. ಎಲೆಯ ಮುಂದೆ ಕೂರಿಸಿ, ತಾನೇ ಹೋಳಿಗೆಗೆ ತುಪ್ಪ ಹಾಕುತ್ತ, ನಗುನಗುತ್ತಲೇ ಅಂದನು: ‘ಅವತ್ತು ಸಾಯಂಕಾಲ ನಿಮ್ಮ ಹತ್ರ ಬಂದಿದ್ದು, ನೀವು ಬೇಡ ಅಂತೀರಿ ಅಂತ ಸಾರ್.’

ಅವನು ಆಕ್ಷೇಪಣೆಯಾಗಿ ಹೇಳಲಿಲ್ಲ. ಮುಂದಿನ ಎಲೆಗೆ ತುಪ್ಪ ಹಾಕಲು ಹೋದನು. ನನಗೆ ಆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಆ ರಾತ್ರಿ ಪರದೆಯ ಮೇಲೆ ಗೇಲನು ತಿರುಗಿ ನೋಡಿದಾಗ ನಾನು ಕಂಡದ್ದು ಆ ಹುಡುಗನ ಮುಖವನ್ನು. ಮಿಸ್ಟ್ರಾಳ ಮೇಲೆ ನಾನು ಸುರಿಸಿದ ಸಿಟ್ಟಿನಲ್ಲಿ ನನ್ನ ಪಾಲೆಷ್ಟೆಂಬುದೂ ಆಗಲೇ ತಿಳಿಯಿತು. ‘ಬೇಡ ಅನ್ನು’ ಎಂದೆ. ಮೊಮ್ಮಗನು ‘ಸೇವ್ ಮಾಡಿಟ್ಟಿದೀನಿ ತಾತ, ಎರಡೂ ನೋಡೋಣ’ ಎಂದನು. ಅವನಿಗೆ ಆ ಸೌಲಭ್ಯವಿತ್ತು. ‘ಎರಡು ಬೇಡ, ಬೇಡ ಅನ್ನುವುದೊಂದನ್ನೇ ಒತ್ತು’ ಎಂದು ಹಟ ಹಿಡಿದೆ. ಒತ್ತಿದನು.

ಮೊನ್ನೆ ದೂರವಾಣಿ ಮಾಡಿ ಆಟ ಮುಗಿಯಿತೆಂದು ತಿಳಿಸಿದನು. ಶತ್ರು ಸೋತಿತು, ನಗರ ಉಳಿಯಿತು. ಗೇಲನು ಬದುಕಿ ತನ್ನ ಊರಿಗೆ ಹೋಗಿ, ಅಲ್ಲಿಯ ಬ್ಲ್ಯಾಕ್‌ಸ್ಟಾಫ್ ವಿದ್ಯಾಪೀಠದಲ್ಲಿ ಮಾಯಾವಿದ್ಯೆಯ ಪ್ರಾಧ್ಯಾಪಕನಾಗಿದ್ದಾನಂತೆ. ‘ನಿನ್ನ ಹಾಗೆ ಮೇಷ್ಟ್ರಾದ ತಾತ’ ಎಂದು ನಕ್ಕನು. ನನಗೂ ಸಂತೋಷವಾಯಿತು. ಅವನ ಬಳಿ ಯಾವನಾದರೂ ಹುಡುಗ ಬಂದು, ಬೇರೆಯವರಿಗಾಗಿ ನಾನು ಬಿಟ್ಟುಬಿಡುತ್ತೇನೆ ಸಾರ್ ಎಂದರೆ, ಅವನು ನನ್ನಂತೆ ಭಾಷಣ ಮಾಡಲಿಕ್ಕಿಲ್ಲ. ಕೂರಿಸಿಕೊಂಡು, ಬೇರೆ ಏನು ಮಾಡಬಹುದೆಂದು ಅವನೊಡನೆ ಯೋಚಿಸುತ್ತಾನೆ.

ಗಣಿತದ ಮಿತ್ರರಿಗೆ ಇದನ್ನು ಅಚ್ಚು ಹಾಕಿಸಿ ನಾಳೆ ಬೆಳಿಗ್ಗೆ ಕೊಡಲಿದ್ದೇನೆ. ಅವರ ಕೆಂಪು ಶಾಯಿಯ ಗುರುತುಗಳು ಎಲ್ಲೆಲ್ಲಿ ಬೀಳುತ್ತವೆಯೋ ನೋಡೋಣ.